ಕಿಸೆಯ ಮೇಲೆ ನಾಲ್ಕು ಬೆರಳು

ಮಾರ್ಚ್ ತಿಂಗಳ ಸೊಲ್ಲಾಪುರ. ಫ್ಯಾನು ತಿರುಗುತ್ತಿದೆ,
ಗಾಳಿ ಮಾತ್ರ ಊಟಕ್ಕೆ ಹೋಗಿ ಇನ್ನೂ ಬಂದಿಲ್ಲ.
ಮೇಜಿನ ಮೇಲೆ ಅಶೋಕ ಚೌಕದ ಹೊಲಿಗೆಯವರ ಬಿಲ್ಲು:
ನಲವತ್ತಾರು ಅಂಗಿ, ನೀಲಿ, ಅರ್ಧ ತೋಳು,
ಎಡಗಿಸೆಗೆ ಕಸೂತಿ, ಸೀನಾ ಪೈಪ್ಸ್,
ಅದರ ಕೆಳಗೆ ಮೂರು ಅಲೆ.
ಬ್ಯಾಸಗಿಯಲ್ಲಿ ನದಿಗೂ ಅಷ್ಟು ಅಲೆ ಇರುವುದಿಲ್ಲ.

ಲೆಕ್ಕ ಬರೆಯುವವಳು ನಾನು, ನೀಲಗಂಗಾ.
ಬಾಯೊಳಗೆ ಎಣಿಸುವುದು ಕನ್ನಡ,
ಖಾತೆಗೆ ಇಳಿಸುವುದು ಮರಾಠಿ,
ಸರಕಾರಕ್ಕೆ ಕಳಿಸುವುದು ಇಂಗ್ಲಿಷು.
ಹಾದಿಯಲ್ಲಿ ಒಂದು ಪೈಸೆಯೂ ಉದುರಬಾರದು.

ಮಾಲೀಕರು ಬಂದು ಕೂತರು:
ಮ್ಯಾನೇಜರ್ ನಾಲ್ವರಿಗೆ ಕಸೂತಿ ಬೇಡಮ್ಮ,
ಒಳ್ಳೇ ಬಿಳಿ ಲಿನನ್ ಕೊಡೋಣ,
ಮದುವೆ ಮುಂಜಿಗೂ ಆಗಲಿ.
ಆಗುತ್ತದೆ, ಅದೇ ತೊಡಕು, ಎಂದೆ.
ಮದುವೆಗೆ ಆಗುವ ಅಂಗಿ ಸಮವಸ್ತ್ರವಲ್ಲ,
ಅದು ಗುಂಡಿ ಹಚ್ಚಿದ ಸಂಬಳ.
ಅವರ ಆದಾಯಕ್ಕೆ ಕೂಡಿಸಬೇಕು, ತೆರಿಗೆ ಹಿಡಿಯಬೇಕು.
ಕಿಸೆಯ ಮೇಲೆ ನಾಲ್ಕು ಬೆರಳಗಲ ಕಂಪನಿ ಕೂತಿತೋ,
ಆಗ ಅದು ನಮ್ಮ ಖರ್ಚು.
ಜಿಎಸ್‌ಟಿಯನ್ನೂ ಮರಳಿ ಕೇಳಬಹುದು,
ಬಿಲ್ಲಿನಲ್ಲಿ ನಂಬರು ಸರಿ ಇದ್ದರೆ.

(ಸರಿ ಇರಲಿಲ್ಲ. ಮೂರು ಸಲ ಫೋನು ಮಾಡಿದೆ.
ಉದ್ಯಾ ದೇತೋ ತಾಯಿ, ಎಂದ.
ಆ ಉದ್ಯಾ ಇನ್ನೂ ಇಸ್ತ್ರಿಯಾಗುತ್ತಿದೆ.)

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು:
ನಿನ್ನದಾದರೆ ತೆರಿಗೆ,
ನಿನ್ನದಲ್ಲದಿದ್ದರೆ ಮಾಫಿ.

ಗಿರಣಿಯಲ್ಲಿದ್ದ ಅಪ್ಪ ತರುತ್ತಿದ್ದ
ಠಸ್ಸೆ ಹೊಡೆದ ತುಂಡು ಬಟ್ಟೆ.
ಅವ್ವ ಅದನ್ನೇ ತಲೆದಿಂಬಿಗೆ ಹಾಕುತ್ತಿದ್ದಳು.
ಮುಂಜಾನೆ ನಮ್ಮ ಗಲ್ಲದ ಮೇಲೆ
ಗಿರಣಿಯ ಹೆಸರು ತಿರುವುಮುರುವಾಗಿ ಮೂಡಿರುತ್ತಿತ್ತು.
ಯಾವ ಕಲಮಿನಲ್ಲಿ ಬರೆದರೋ ಅದನ್ನು.
ಗಿರಣಿ ಮುಚ್ಚಿತು, ಠಸ್ಸೆ ತೊಳೆದು ಹೋಗಲಿಲ್ಲ.

ಮೊನ್ನೆ ಲೆಕ್ಕ ತಪಾಸಣೆ. ಅಂಗಿ ಎಣಿಸಿದರು.
ನಲವತ್ತೈದು.
ಲಾರಿಗೆ ಪೈಪು ಏರಿಸುವ ಸಿದ್ರಾಮ
ಬನಿಯನ್ ಮೇಲೆ ನಿಂತಿದ್ದ, ನೆಲ ನೋಡುತ್ತ.
ಒಗೆಯಾಕ ಹಾಕೀನ್ರಿ, ಎಂದ.
ಆಮೇಲೆ ಒಬ್ಬನೇ ಬಂದು ನನ್ನ ಬಾಗಿಲಲ್ಲಿ
ಫೋನು ತೆರೆದು ತೋರಿಸಿದ.
ತಂಗಿಯ ನಿಶ್ಚಯದ ಚಿತ್ರ, ಅಕ್ಕಲಕೋಟೆಯಲ್ಲಿ.
ಬೀಗರ ನಡುವೆ ಸಿದ್ರಾಮ, ಎಣ್ಣೆ ಹಚ್ಚಿ ಬಾಚಿದ ತಲೆ,
ನಮ್ಮದೇ ನೀಲಿ ಅಂಗಿ, ಕಸೂತಿ ಇಲ್ಲ.
ಬ್ಲೇಡಿನಿಂದ ಒಂದೊಂದೇ ದಾರ ಬಿಡಿಸಿದ್ದನಂತೆ,
ರಾತ್ರಿ ಎರಡರ ತನಕ, ದೀಪದ ಬುಡದಲ್ಲಿ,
ಬಟ್ಟೆಗೆ ಗಾಯವಾಗದ ಹಾಗೆ.

ಆದರೆ ವರ್ಷವಿಡೀ ಬಿಸಿಲು ಕುಡಿದ ಅಂಗಿ ಮಾಸಿದೆ,
ದಾರದ ಕೆಳಗಿನ ನೀಲಿ ಮಾಸಿಲ್ಲ.
ಕಿಸೆಯ ಮೇಲೆ ಅಂಗಡಿಯಿಂದ ಬಂದ ದಿನದ ಬಣ್ಣದಲ್ಲಿ
ಮೂರು ಅಲೆ ಹಾಗೇ ನಿಂತಿವೆ.
ದಾರ ಬಿಡಿಸಿದಷ್ಟೂ ಸ್ಪಷ್ಟ.

ಬೀಗರು ಕೇಳಿದರಂತೆ, ಇದೇನು ಡಿಸೈನು?
ಹೊಸಾ ಫ್ಯಾಶನ್ರಿ, ಎಂದನಂತೆ.
ನಕ್ಕ. ನಾನೂ ನಕ್ಕೆ.
ಆಮೇಲೆ ಕೇಳಿದ,
ಅಕ್ಕಾರ, ಇದನ್ನ ಪಗಾರದಾಗ ಹಿಡೀತೀರೇನು?

ಕಾನೂನು ಒಂದು ಕ್ಷಣ ಬಾಯಿಗೆ ಬಂತು:
ದಾರ ಕಿತ್ತ ರಾತ್ರಿ ಎರಡು ಗಂಟೆಯಿಂದ
ಮರುದಿನ ಸಂಜೆ ಊಟ ಮುಗಿಯುವ ತನಕ
ಈ ಅಂಗಿ ನಿನ್ನದಿತ್ತು, ಸಿದ್ರಾಮ.
ಹದಿನೆಂಟು ತಾಸಿನ ಆದಾಯ.
ಅದಕ್ಕೆ ದರ ಯಾವ ಕೋಷ್ಟಕದಲ್ಲೂ ಇಲ್ಲ.

ತಪಾಸಣೆಯವರು ಚಹಾ ಕುಡಿದು ಬಂದರು.
ನಲವತ್ತಾರನೆಯದು?
ಇದೆ, ಎಂದೆ. ರಿಪೇರಿಗೆ ಹೋಗಿದೆ.
ಅವರು ಟಿಕ್ ಹಾಕಿದರು.

ಸಂಜೆ ನನ್ನ ಡಬ್ಬಿಯಿಂದ ಸೂಜಿ ತೆಗೆದು ಕೊಟ್ಟೆ,
ಹಳದಿ ದಾರದ ಉಂಡೆಯನ್ನೂ.
ಅಲೆ ಎರಡು ಸಾಕು, ಎಂದೆ,
ಮೂರನೆಯದನ್ನ ಹಾಗೇ ಬಿಡು.