ಎರಡೇ ವಿಷಲ್ಲು

ಪಂಚಾಯಿತಿ ಕೊಟ್ಟ ಪೆಟ್ಟಿಗೆ ನೀಲಿ.
ಒಳಗೆ ಆರು ಬಾಟಲಿ, ಎರಡು ಗಾಜಿನ ಕೊಳವೆ,
ಗುಲಾಬಿಯಿಂದ ಹಳದಿಗೆ ಇಳಿಯುವ ಒಂದು ಬಣ್ಣದ ಪಟ್ಟಿ.
ಅರಸೀಕೆರೆಯಲ್ಲಿ ಎರಡು ದಿನ ತರಬೇತಿ, ಮಧ್ಯಾಹ್ನ ಪಲಾವು,
ಅಷ್ಟಕ್ಕೇ ನಾನು ಹಟ್ಟಿಗೆಲ್ಲ ಬಾಟಲಿ ಅಕ್ಕ.

ನೀರು ಗೆರೆಯ ತನಕ. ಹನಿ ಎಣಿಸಿ. ಕಲಕಿ. ಕಾಯಿ.
ಗುಲಾಬಿ ಉಳಿದರೆ ಕುಡಿಯಬಹುದು,
ಹಳದಿಗೆ ತಿರುಗಿದರೆ ಬರೆದುಕೋ.

ಹಳದಿ!
ಹೊಸ್ತಿಲಿಗೆ, ಕೆನ್ನೆಗೆ, ತಾಳಿಯ ದಾರಕ್ಕೆ ಹಚ್ಚುವುದನ್ನೇ
ಕೆಟ್ಟ ಸುದ್ದಿ ಎಂದು ಓದಲು ಕಲಿಯಬೇಕಾಯಿತು.

ನಾನು ಸೊಸೆಯಾಗಿ ಬಂದ ವರ್ಷವೇ ಬೋರು ಹೊಡೆದದ್ದು.
ತಮಿಳುನಾಡಿನ ಲಾರಿ ಎರಡು ರಾತ್ರಿ ಗುಡುಗಿತು,
ಕಲ್ಲಿನ ಹಿಟ್ಟು ಕೂತು ಹುಣಸೆಮರಕ್ಕೆ ಮುಪ್ಪು ಬಂತು,
ಏಳುನೂರ ನಲವತ್ತು ಅಡಿಗೆ ಚಿಮ್ಮಿತು.
ಕೇಸಿಂಗ್ ಪೈಪಿಗೆ ಅರಿಶಿನ ಬಳಿದು, ಕಾಯಿ ಒಡೆದು
ಮೊದಲ ಬೊಗಸೆ ಕುಡಿದವಳು ನಮ್ಮತ್ತೆ ಈರಕ್ಕ.
'ಎಳನೀರು ಕಣ್ರೇ!' ಎಂದು ಕೂಗಿದಳು.
ಸೇದುವ ಬಾವಿ ಸವಳು, ಅದರಲ್ಲಿ ತೊಗರಿ ಮಧ್ಯಾಹ್ನವಾದರೂ ಕಲ್ಲು.
ಬೋರಿನ ನೀರಲ್ಲಿ ಎರಡೇ ವಿಷಲ್ಲು, ಬೇಳೆ ಬೆಣ್ಣೆ.
ಅವತ್ತಿನಿಂದ ಬಾವಿಯ ಹಗ್ಗ
ಎಮ್ಮೆ ಕಟ್ಟಲು ಹೋಯಿತು.

ಈಗ ಅತ್ತೆಗೆ ಗೋಣು ಹೊರಳದು.
ಯಾರಾದರೂ ಕರೆದರೆ, ಗಾಡಿ ತಿರುಗಿಸಿದಂತೆ,
ಇಡೀ ಮೈಯನ್ನೇ ತಿರುಗಿಸಿ 'ಏನವ್ವಾ' ಅನ್ನುತ್ತಾಳೆ.
ಒಬ್ಬರು ವಾಯು ಅಂದರು, ಒಬ್ಬರು ವಯಸ್ಸು ಅಂದರು,
ಬಾಣಾವರದವರು ಎಣ್ಣೆ ಕೊಟ್ಟರು.
ವಯಸ್ಸು ಐವತ್ತೆಂಟು.

ಸ್ಕೂಲಲ್ಲಿ ಗ್ರೂಪ್ ಫೋಟೋ.
'ನಗ್ರೋ' ಅಂತ ಕ್ಯಾಮೆರಾದವನು ಗೋಗರೆದ.
ಹತ್ತೊಂಬತ್ತು ಬಾಯಿ ಮುಚ್ಚಿಯೇ ನಕ್ಕವು.
ಹಲ್ಲು ಬಿಟ್ಟವಳು ಒಬ್ಬಳೇ, ಫರ್ಹಾನಾ,
ಹೋದ ಜೂನಲ್ಲಿ ಸಕಲೇಶಪುರದ ಕಡೆಯಿಂದ ಬಂದವಳು.
ಮೂರನೇ ಸಾಲಿನಲ್ಲಿ ನನ್ನ ಮಗ ತೀರ್ಥ,
ಕೈ ಅಡ್ಡ ಹಿಡಿದಿದ್ದಾನೆ, ಕೆಮ್ಮು ಬಂದವನಂತೆ.

ಮೊನ್ನೆ ಯಾರಿಗೂ ಹೇಳದೆ ಹಳೇ ಬಾವಿಗೆ ಬಕೆಟ್ ಇಳಿಸಿದೆ.
ಚಪ್ಪಲಿ, ಗುಟ್ಕಾ ಚೀಟಿ, ಕೊಳೆತ ಗರಿ ಸರಿಸಿ
ಒಂದು ಕೊಳವೆ ನೀರು. ಹನಿ. ಕಾದೆ.
ಗುಲಾಬಿ! ಎಳೆಗೂಸಿನ ಅಂಗಾಲಿನಂಥ ಗುಲಾಬಿ.
ಎದೆ ಹೊಡೆದುಕೊಂಡಿತು, ಗೆದ್ದೆ ಅಂದುಕೊಂಡೆ.
ರೋಗಾಣುವಿನ ಬಾಟಲಿ ಮಾತ್ರ ಬಾಕಿ ಇತ್ತು,
ರಾತ್ರಿ ಅಕ್ಕಿಡಬ್ಬದ ಹಿಂದೆ ಇಟ್ಟು ಮಲಗಿದೆ.
ಬೆಳಿಗ್ಗೆ ನೋಡಿದರೆ
ಕಾಡಿಗೆ.

ಐದು ರೂಪಾಯಿಯ ಶುದ್ಧ ನೀರಿನ ಘಟಕ
ಯುಗಾದಿಯಿಂದ ನಾಣ್ಯ ನುಂಗುತ್ತದೆ, ನೀರು ಉಗುಳುವುದಿಲ್ಲ.
ಫಿಲ್ಟರ್‌ಗೆ ಟೆಂಡರ್ ಆಗಿದೆಯಂತೆ.
ಅದು ಓಡುತ್ತಿದ್ದಾಗಲೂ ಕೇಳಿದ್ದೆ:
ಸೋಸಿ ಉಳಿದದ್ದು ಎಲ್ಲಿಗೆ ಹೋಗುತ್ತೆ ಸಾರ್?
ಚರಂಡಿಗೆ ಅಂದರು.
ಚರಂಡಿ ಎಲ್ಲಿಗೆ ಅಂತ ಕೇಳಲಿಲ್ಲ. ನಾನೂ ಹಟ್ಟಿಯವಳೇ ತಾನೆ.

ಸಂಜೆ ಬೋರಿನ ನೀರು ತಂದು, ಅತ್ತೆಯ ಎದುರಿಗೇ ಕಲಕಿದೆ.
ಹಳದಿ. ಪಟ್ಟಿಯ ಕೊನೆಯ ಮನೆಗಿಂತಲೂ ಹಳದಿ.
'ಇದಾ ನನ್ನ ಸೊಂಟ ಹಿಡಿದದ್ದು?' ಅಂದಳು.
ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಬೇಕೆಂದಳು,
ತಲೆ ಎತ್ತಲು ಆಗಲಿಲ್ಲ,
ಕೊಳವೆಯನ್ನೇ ತಗ್ಗಿಸಿ ತೋರಿಸಿದೆ.
ತುಂಬ ಹೊತ್ತು ನೋಡಿದಳು.
'ಇದನ್ನ ಕುಡಿಸೇ ಕಣೆ ನಿನ್ನ ಗಂಡನ್ನ ಬೆಳೆಸಿದ್ದು.
ಬೇರೆ ಏನಿತ್ತು ಕೊಡೋಕೆ?'

ರಿಜಿಸ್ಟರಿನಲ್ಲಿ ಕಲಂ ಐದು:
ಮೂಲ, ಆಳ, ದಿನಾಂಕ, ಪ್ರಮಾಣ.
ಕೊನೆಯದು ಷರಾ, ಎರಡು ಬೆರಳಗಲ.
ನಾಲ್ಕು ತುಂಬಿಸಿ ಪೆನ್ನು ಹಿಡಿದು ಕೂತೆ.
'ಏನ್ ಯೋಚನೆ?' ಮೈ ತಿರುಗಿಸಿ ಅತ್ತೆ ಕೇಳಿದಳು,
'ಬೇಳೆ ಚೆನ್ನಾಗಿ ಬೇಯುತ್ತೆ ಅಂತಾನೂ ಬರಿ. ಅದೂ ನಿಜ.'

ಒಳಗೆ ಕುಕ್ಕರ್ ಕೂಗಿತು.
ಒಂದು.