ಗಾರ್ಡ್ ಪೆಟ್ಟಿಗೆ

ಹಾರಬೇಡ, ಎಂದೆ.
ಪೆಟ್ಟಿಗೆಯ ಅಂಚಿನಿಂದ ಒಂದು ಕಾಲು ಗಾಳಿಗೆ ಚಾಚು,
ಇನ್ನೊಂದು ತಾನೇ ಹಿಂದೆ ಬರಲಿ.
ಬೀಳು, ಸಾಕು.

ಋಜುತಾ ಖಾಮಕರಳಿಗೆ ಹದಿನಾರು.
ಹಾರಲು ಬಂದವಳಿಗೆ ಮೊದಲ ಹದಿನೈದು ದಿನ
ಬೀಳುವುದನ್ನೇ ಕಲಿಸಿದೆ.
ಬೇಲಿಯಾಚೆ ಅವಳಮ್ಮನ ಹುಬ್ಬು ಗಂಟು:
ಇದಕ್ಕೆಂದು ನಾಲ್ಕಕ್ಕೆ ಎದ್ದು ಕಲವಾದಿಂದ ಬರಬೇಕೆ?

ಮಹಾಲಕ್ಷ್ಮಿಯ ರೈಲ್ವೆ ಮೈದಾನ, ಬೆಳಗಿನ ಆರು.
ಗುಜರಿಗೆ ಹೊರಟಿದ್ದ ಎರಡು ಗಾರ್ಡ್ ಪೆಟ್ಟಿಗೆಗಳನ್ನು
ಪಾರ್ಸೆಲ್ ಆಫೀಸಿನ ಘೋಸಾಳ್ಕರನಿಗೆ ಕಟಿಂಗ್ ಚಹಾ ಕುಡಿಸಿ
ಬಿಡಿಸಿಕೊಂಡು ಬಂದಿದ್ದೆ.
ಕಪ್ಪು ತಗಡು. ಬಿಳಿ ಬಣ್ಣದಲ್ಲಿ ಯಾರದೋ ಹೆಸರಿನ ಬಾಲ ಉಳಿದಿದೆ,
'ಪಿಂಟೊ, ಬಾಂದ್ರಾ'.
ಯಾವ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು
ಹಿಂದಕ್ಕೋಡುವ ಹಳಿಗಳನ್ನು ಎಷ್ಟು ವರ್ಷ ನೋಡಿತ್ತೋ.
ಈಗ ಅದು ಒಂದೂವರೆ ಅಡಿ ಎತ್ತರ, ಅಷ್ಟೆ.

ಹಿಮ್ಮಡಿಯ ಮೇಲಿನ ಈ ಹುರಿ ಮುಟ್ಟಿ ನೋಡಿಕೊ, ಎಂದೆ.
ನೆಲ ತಾಗಿದ ಕೂಡಲೇ ಇದು ಹಿಗ್ಗುತ್ತದೆ,
ತೊಡೆಯ ಸ್ನಾಯು ಎಳೆದ ಬಿಲ್ಲಾಗುತ್ತದೆ.
ಬಿದ್ದ ಭಾರವೆಲ್ಲ ನೀನು ಕಾಲಿಗೆ ಕೊಟ್ಟ ಕೈಗಡ.
ವಾಯಿದೆ, ಸೆಕೆಂಡಿನ ಐದನೇ ಒಂದು ಪಾಲು.
ಅಷ್ಟರೊಳಗೆ ಕೇಳು, ಬಡ್ಡಿಸಮೇತ ಮೇಲಕ್ಕೆಸೆಯುತ್ತದೆ.

ತಡಮಾಡಿದರೆ?
ಬಿಸಿಯಾಗಿ ಹೋಗುತ್ತದೆ.
ಎಲ್ಲಿಗೆ?
ಎಲ್ಲಿಗೂ ಇಲ್ಲ. ಕಾಲಲ್ಲೇ. ಬರೀ ಬಿಸಿ.

ಅವಳು ಒಂದು ಗಳಿಗೆ ಸುಮ್ಮನಿದ್ದು, ಓಹ್, ದಾದರ್! ಎಂದಳು.
ಗಾಡಿ ನಿಲ್ಲುವ ಇಪ್ಪತ್ತು ಸೆಕೆಂಡಿನಲ್ಲಿ
ಬ್ಯಾಗನ್ನು ಎದೆಗೆ ತಿರುಗಿಸಿ, ಚಪ್ಪಲಿ ಕಚ್ಚಿ ಹಿಡಿದು,
ಹಿಂದಿನವರ ನೂಕನ್ನೇ ತನ್ನದಾಗಿಸಿಕೊಂಡು ಇಳಿಯಬೇಕು;
ಇಳಿಯಲೋ ಬೇಡವೋ ಎಂದವಳು ಮಾಟುಂಗಾಕ್ಕೆ.
ನಾನು ಓದಿದ ಯಾವ ಪಾಠದಲ್ಲೂ ಇಷ್ಟು ಸಲೀಸಾಗಿ ಇರಲಿಲ್ಲ.

ಆಮೇಲೆ ಕಣ್ಣು ಮುಚ್ಚಿ ಕೇಳುತ್ತೇನೆ.
ಧೋಬಿಘಾಟಿನ ಕಡೆಯಿಂದ ಕಲ್ಲಿಗೆ ಬಟ್ಟೆ ಬಡಿವ ಸದ್ದು,
ಅದರ ನಡುವಿಂದ ಅವಳ ಪಾದದ್ದನ್ನು ಹೆಕ್ಕಬೇಕು.
ಧಪ್ ಎಂದರೆ ನೆಲಕ್ಕೆ ಹೋಯಿತು.
ಟಪ್ ಎಂದರೆ ಕಾದ ಹಂಚಿಗೆ ಬೆರಳು ತಾಗಿದ ಹಾಗೆ,
ಸದ್ದು ಕೇಳುವಷ್ಟರಲ್ಲಿ ಅವಳು ಎರಡನೇ ಪೆಟ್ಟಿಗೆಯ ಮೇಲೆ.

ವಿವರಿಸುವುದು ಮರಾಠಿಯಲ್ಲಿ.
ಎಣಿಕೆ ಮಾತ್ರ ಅಕ್ಕಲಕೋಟೆಯ ಅಂಗಳದ್ದು,
ಒಂದ, ಎರಡ, ಮೂರ...
ಹಲ್ಲಿನ ಸಂದಿಯಿಂದ ತಾನಾಗಿ ಬರುತ್ತದೆ.
ಅವಳೂ ಕಲಿತಿದ್ದಾಳೆ, ಹಾರುತ್ತ ಹಾರುತ್ತ.

ನನಗೂ ಹತ್ತೊಂಬತ್ತಿತ್ತು.
ಪುಣೆಯ ಬಾಲೇವಾಡಿ, ಗ್ಯಾಲರಿಯ ಕಾಂಕ್ರೀಟ್ ಮೆಟ್ಟಿಲು,
ದಿನಕ್ಕೆ ಮುನ್ನೂರು. ಬಿಡುವಿಲ್ಲ, ಭಾನುವಾರವಿಲ್ಲ.
ಹೆಚ್ಚು ಹಾರಿದವರು ಹೆಚ್ಚು ದೂರ, ಎಂದು ಯಾರೂ ಹೇಳಿರಲಿಲ್ಲ,
ನಾನೇ ನಂಬಿದ್ದೆ.
ಒಂದು ಮಧ್ಯಾಹ್ನ ಮಂಡಿಯ ಕೆಳಗೆ
ಎಳೆ ನುಗ್ಗೆಕಾಯಿ ಮುರಿದಂಥ ಸದ್ದು.
ನನಗಿಂತ ಮೊದಲು ಪಕ್ಕದವಳು ಕೂಗಿಕೊಂಡಳು.

ಕ್ರೀಡಾ ಕೋಟಾದ ನೌಕರಿ ಉಳಿಯಿತು.
ಚರ್ಚ್‌ಗೇಟಿನ ಗೇಟಿನಲ್ಲಿ ಕರಿ ಕೋಟು ತೊಟ್ಟು ಇಪ್ಪತ್ತೊಂದು ವರ್ಷ.
ಟಿಕೆಟ್ಟಿಲ್ಲದವರು ಓಡುತ್ತಾರೆ. ಬೆನ್ನಟ್ಟುವುದಿಲ್ಲ.
ಅವರ ಮೊದಲ ಹೆಜ್ಜೆ ನೋಡುತ್ತೇನೆ;
ಕೆಲವರದು ಬಹಳ ಚೆಂದ.
ಬಿಸಿ ಎಂದೆನಲ್ಲ ಋಜುತಾ, ಅದು ಆರುವುದೂ ಇಲ್ಲ.

ನಾಲ್ವತ್ತ.
ಟಪ್.

ಮೂಗಿನ ತುದಿಯಲ್ಲಿ ಬೆವರು, ಕಣ್ಣಲ್ಲಿ ಹಸಿವು,
ಮತ್ತೆ ಪೆಟ್ಟಿಗೆಯ ಅಂಚಿಗೆ ಬಂದು ನಿಂತಿದ್ದಾಳೆ.
ಮೇಡಂ, ನಾಲ್ವತ್ತ ಆದಮೇಲೆ
ನಿಮ್ಮ ಭಾಷೆಯಲ್ಲಿ ಏನು ಬರುತ್ತದೆ?

ಗುರುವಾರ ಬಾ, ಎನ್ನುತ್ತೇನೆ.
ಪಿಂಟೊನ ಪೆಟ್ಟಿಗೆಯ ಒಂದು ಹಿಡಿ ಅವಳು,
ಇನ್ನೊಂದು ನಾನು.
ನಲವತ್ತೊಂದನ್ನು ಅವಳಿಗೆ ಕಲಿಸಿಲ್ಲ.