ಬೆಳ್ಳಿಯಾಗುವ ತನಕ

ಫೆಬ್ರವರಿಯ ಒಂದು ಸಂಜೆ ಝೆನೋನ್ ಬಾಗಿಲು ಬಡಿದ.
ಕೋಟಿನೊಳಗೆ ಬಚ್ಚಿಟ್ಟು ತಂದಿದ್ದ ಅದನ್ನು,
ಎರಡು ಮಹಡಿ ಹತ್ತುವಷ್ಟರಲ್ಲಿ ಚಳಿ ಹಿಡಿದೀತೆಂದು.
ಎಲೆ ನಾಲ್ಕು. ನಾಲ್ಕೂ
ಹಿಂಡಿ ಒಣಹಾಕಿದ ಕೈಗವಸಿನ ಹಾಗೆ.
"ನೀನು ಹಲ್ಲಿನ ಆಸ್ಪತ್ರೆಯಲ್ಲಿದ್ದವಳು," ಅಂದ,
"ಬೇರಿನ ಕೆಲಸ ಗೊತ್ತಲ್ಲ."

ಮೂವತ್ತೊಂದು ವರ್ಷ, ಗ್ದಿನಿಯಾದ ಬಂದರಿನ ಹಿಂದೆ,
ಊರವರ ಬಾಯಿಗೆ ದೀಪ ಹಿಡಿದವಳು ನಾನು.
'ಆ' ಅನ್ನು ಎನ್ನಲು ಗಿಡಕ್ಕೆ ಬಾಯಿಲ್ಲ.
ಆದರೂ ಮೇಜಿಗೆ ಹಳೆಯ ಪೇಪರು ಹಾಸಿದೆ,
ದೀಪ ಹತ್ತಿರಕ್ಕೆಳೆದೆ.

ಕುಂಡ ಅದುಮಿದರೆ ಬುಳುಬುಳು ನೀರು.
ದೋಣಿಯ ತಳದ ವಾಸನೆ.
"ದಿನಾ ಹಾಕಿದೆಯಾ?"
"ದಿನಾ. ಒಂದು ದಿನವೂ ತಪ್ಪಿಲ್ಲ," ಎಂದ
ಹಾಜರಿ ಪುಸ್ತಕ ತೋರಿಸುವವನಂತೆ.

ಹಾಲಿನಾ ಬ್ರೆಮೆನ್ನಿನಲ್ಲಿದ್ದಾಳೆ. ಯಾರದೋ ತಾಯಿಗೆ
ಮೈ ತೊಳೆಸಿ, ಸೂಪು ಕುಡಿಸಿ, ರಾತ್ರಿ ಮಗ್ಗುಲು ಬದಲಿಸಿ
ಈಸ್ಟರಿಗೆ ಬರುತ್ತಾಳೆ.
ಹೋಗುವಾಗ ಮೆಟ್ಟಿಲ ಮೇಲೆ ಪೆಟ್ಟಿಗೆ ದಡದಡ ಎಳೆಯುತ್ತ
ಹೇಳಿದ್ದು ಒಂದೇ ಮಾತು: ಆರ್ಕಿಡ್‌ಗೆ ನೀರು ಮರೆಯಬೇಡ.
ಮರೆಯಲಿಲ್ಲ ಅವನು.
ಮರೆಯದೆ ಮರೆಯದೆಯೇ
ಗಿಡವನ್ನು ಇಲ್ಲಿಗೆ ತಂದು ಮುಟ್ಟಿಸಿದ್ದ.

ಹಳೆಯ ಇಕ್ಕಳ. ಉರಿಗೆ ಹಿಡಿದು ಆರಿಸಿದ ಕತ್ತರಿ.
ಒಂದೊಂದೇ ಬೇರನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿದೆ.
ಗಟ್ಟಿಯಿದ್ದರೆ ಇರಲಿ.
ಮೆತ್ತಗಿದ್ದರೆ, ಸಿಪ್ಪೆ ಕಾಲುಚೀಲದಂತೆ ಕಳಚಿ
ಒಳಗಿನ ನೂಲೊಂದೇ ಕೈಗೆ ಬರುತ್ತದೆ,
ನರದ ಹಾಗೆ.
ಆ ನರ ನನಗೆ ಗೊತ್ತು. ಎಷ್ಟು ಸಲ
ಬಿಳಿ ತಟ್ಟೆಯಲ್ಲಿ ಮಲಗಿಸಿದ್ದೇನೋ ಅದನ್ನು.

ಕತ್ತರಿ ಕಚ್ಚಿದಾಗಲೆಲ್ಲ ಝೆನೋನ್ ಕಿಟಕಿಯತ್ತ ತಿರುಗಿದ.
ನಲವತ್ತು ಮೀಟರ್ ಎತ್ತರದಲ್ಲಿ ಕ್ರೇನಿನೊಳಗೆ ಕೂತು
ಹಡಗಿನ ಹೊಟ್ಟೆಯಿಂದ ಲಾರಿಗಳನ್ನು ಎತ್ತಿದವನು!

ನಡುವೆ, ಬೇರೆಲ್ಲ ಸೇರುವ ಕಡೆ, ಸಿಕ್ಕಿತು
ಅಕ್ರೋಟಿನಷ್ಟು ಪಾಚಿಯುಂಡೆ,
ಕಪ್ಪಗೆ, ಇನ್ನೂ ತೊಟ್ಟಿಕ್ಕುತ್ತ.
ಸಸಿಯಾಗಿದ್ದಾಗ ಯಾವುದೋ ಗಾಜಿನ ಮನೆಯಲ್ಲಿ
ಯಾರೋ ಸುತ್ತಿದ ತೊಟ್ಟಿಲ ಬಟ್ಟೆ.
ಗಿಡ ಬೆಳೆದರೂ ಯಾರೂ ಬಿಚ್ಚಲಿಲ್ಲ.
"ನೋಡು," ಅಂದೆ, "ಕೊಳೆ ಶುರುವಾದದ್ದು ಇಲ್ಲಿಂದ.
ನಿನ್ನ ಲೋಟದಿಂದಲ್ಲ."
ಅರ್ಧ ನಿಜ ಅದು.
ಉಳಿದರ್ಧವನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದೆ.

ಉಳಿದ ಬೇರು ಮೂರು. ಮೂರೂ ಮೋಟು.
ಗಾಯಕ್ಕೆ ದಾಲ್ಚಿನ್ನಿ ಪುಡಿ ಸವರಿದೆ,
ಅಡುಗೆಮನೆಗೆಲ್ಲ ಸೇಬಿನ ಕೇಕಿನ ಪರಿಮಳ.
"ಭಾನುವಾರಗಳಲ್ಲಿ ಹಾಲಿನಾ..." ಎಂದು ಶುರುಮಾಡಿ
ಮೂಗು ಒರೆಸಿಕೊಂಡ. ಶೀತವಂತೆ.

ಚಿಕ್ಕ ಕುಂಡ, ಪೈನ್ ತೊಗಟೆಯ ಚೂರು,
ಅಲುಗದಂತೆ ಊರುಗೋಲಾಗಿ ನನ್ನದೊಂದು ಹೆಣಿಗೆಯ ಕಡ್ಡಿ.
ಇನ್ನು ನೀರು?
ಐದು ದಿನ ಬೇಡ.
ಆಮೇಲೆ?
ಬೇರು ಬೆಳ್ಳಿಯಾಗುವ ತನಕ ಬೇಡ.
ಹಸಿರಿದ್ದರೆ ಹೊಟ್ಟೆ ತುಂಬಿದೆ ಅಂತ.
ಬೆಳ್ಳಿಯಾದರೆ ಬಾಯಾರಿದೆ.
ಕೇಳದೆ ಕೊಡಬೇಡ, ಝೆನೋನ್.

ಗಿಡ ನನ್ನ ಕಿಟಕಿಯಲ್ಲೇ ಉಳಿಯಿತು.
ದಿನಾ ಬೆಳಗ್ಗೆ ಬರುತ್ತಾನೆ. ಕೈ ಹಿಂದಕ್ಕೆ ಕಟ್ಟಿ,
ಮ್ಯೂಸಿಯಮ್ಮಿನಲ್ಲಿ ನಿಂತವನಂತೆ ಬಾಗಿ
ಪಾರದರ್ಶಕ ಕುಂಡದೊಳಕ್ಕೆ ಇಣುಕುತ್ತಾನೆ.
ಏನೂ ಮಾಡದೆ ಹೋಗುತ್ತಾನೆ.
ಬೆನ್ನ ಹಿಂದೆ ಆ ಬೆರಳುಗಳು
ಇಲ್ಲದ ಲೋಟವನ್ನು ತಿರುಗಿಸುತ್ತಿರುತ್ತವೆ.

ಮಾರ್ಚ್ ಮುಗಿಯುವಾಗ ಎಲೆಯೊಂದು ಹಳದಿಯಾಗಿ ಉದುರಿತು.
ಇಬ್ಬರೂ ಆ ಮಾತು ಎತ್ತಲಿಲ್ಲ.
ಅದೇ ವಾರ ಬುಡ ಸೀಳಿಕೊಂಡು
ಅಕ್ಕಿಕಾಳಿನಷ್ಟು ಒಂದು ಹಸಿರು ಮೂತಿ,
ನಾವು ಹಾಸಿದ ತೊಗಟೆಯ ಕಡೆ ನೋಡಲೂ ಇಲ್ಲ,
ಅಂಚು ದಾಟಿ ಗಾಳಿಗೆ ಹೊರಟಿತು, ಗಾಜಿನತ್ತ,
ಅಲ್ಲಿ ಏನಿದೆಯೋ.

ಈಗ ಬಾಗಿಲಲ್ಲಿ ನಿಂತಿದ್ದಾನೆ,
ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದು, ಏದುಸಿರು ಬಿಡುತ್ತ.
ಹೂ ಬಿಟ್ಟಿದೆಯಾ ಎಂದಳಂತೆ.
ಇಲ್ಲ, ಬೇರು ಬಿಟ್ಟಿದೆ ಎಂದನಂತೆ, ಹೆಮ್ಮೆಯಿಂದ.
"ಇದ್ದ ಬೇರುಗಳಿಗೆ ಏನಾಯಿತು, ಕೇಳ್ತಿದ್ದಾಳೆ.
ಏನು ಹೇಳಲಿ?"